ಕೈಯಿಂದ ಕೈಗೆ ದಾಟುವ ಎಲೆಕ್ಟ್ರೋಡ್

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಪುಟ್ಟ ಡಬ್ಬಿಯನ್ನು ಮುಂದಿನ ಸಾಲಿಗೆ ಕೊಡುತ್ತಿದ್ದೇನೆ. ಮುಚ್ಚಳ ತೆಗೆಯದೆ ನೋಡಿ, ಪಕ್ಕದವರಿಗೆ ದಾಟಿಸಿ. ಒಳಗೊಂದು ಗಾಜಿನ ಚೂರಿದೆ. ಅದರ ಮೇಲೆ ಮಿದುಳಿನ ಮಾತು ಕೇಳಿಸಿಕೊಳ್ಳುವ ಎಲೆಕ್ಟ್ರೋಡ್ ಇದೆ. "ಏನೂ ಕಾಣ್ತಿಲ್ಲವಲ್ಲ" ಅನ್ನಿಸಿದರೆ ನೀವು ಸರಿಯಾಗಿಯೇ ನೋಡುತ್ತಿದ್ದೀರಿ. ಡಬ್ಬಿಯನ್ನು ಸ್ವಲ್ಪ ವಾಲಿಸಿ, ಬೆಳಕು ಓರೆಯಾಗಿ ಬೀಳಲಿ. ಆಗ ಒಂದು ಅಂಚು ಮಿನುಗುತ್ತದೆ. ಬಂಗಾರದ ಸಣ್ಣ ಗೆರೆಗಳು ಒಂದು ಬದಿಗೆ ಓಡುವುದು ಕಾಣುತ್ತದೆ. ಆ ಗೆರೆಗಳು ಮುಗಿಯುವ ಕಡೆ, ಖಾಲಿ ಅನ್ನಿಸುವ ಜಾಗದಲ್ಲಿ, 16 ಎಲೆಕ್ಟ್ರೋಡುಗಳಿವೆ.

ನಾನು ವರ್ಷಗಳಿಂದ ಇಂಥವನ್ನು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಆದರೆ ಇವತ್ತು ಇವನ್ನು ಹೇಗೆ ಮಾಡುತ್ತೇವೆ ಅನ್ನುವುದಕ್ಕಿಂತ, ಮಾಡಿದ ಮೇಲೆ ಬೇರೆಯವರಿಗೆ ಹೇಗೆ ಕೊಡುತ್ತೇವೆ ಅನ್ನುವುದರ ಬಗ್ಗೆ ಜಾಸ್ತಿ ಮಾತಾಡಬೇಕು ಅಂತಿದ್ದೇನೆ. ಕೊಡುವುದು ಸುಲಭ, ಮಾಡುವುದು ಕಷ್ಟ ಅಂತ ನಾನೂ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಮೊದಲು, ಮೆತ್ತಗೆ ಯಾಕಿರಬೇಕು?

ಮಿದುಳನ್ನು ಹೊರತೆಗೆದು ಮೇಜಿನ ಮೇಲಿಟ್ಟರೆ ಅದು ತನ್ನ ಭಾರಕ್ಕೇ ಕುಸಿದು ಅಗಲವಾಗುತ್ತದೆ. ಅಷ್ಟು ಮೆತ್ತಗೆ. ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುವುದರಿಂದ ಅದರ ಆಕಾರ ಉಳಿದಿದೆ. ವಸ್ತುವಿನ ಬಿಗಿತವನ್ನು ಪಾಸ್ಕಲ್ ಲೆಕ್ಕದಲ್ಲಿ ಹೇಳುತ್ತೇವೆ. ಮಿದುಳಿನದು ಸುಮಾರು 1,000 ಪಾಸ್ಕಲ್ ಆಸುಪಾಸು. ಚಿಪ್ ಮಾಡುವ ಸಿಲಿಕಾನಿನದು 10,000 ಕೋಟಿ ಪಾಸ್ಕಲಿಗೂ ಜಾಸ್ತಿ. ಒಂದಕ್ಕೂ ಇನ್ನೊಂದಕ್ಕೂ ಹತ್ತು ಕೋಟಿ ಪಟ್ಟು ಅಂತರ. ಮೇಲಾಗಿ ಮಿದುಳು ಸುಮ್ಮನೆ ಕೂರುವುದಿಲ್ಲ. ಒಂದೊಂದು ಎದೆಬಡಿತಕ್ಕೂ ಒಂದೊಂದು ಉಸಿರಿಗೂ ಅದು ತುಸು ಏರಿ ಇಳಿಯುತ್ತದೆ. ಅದರೊಳಗೆ ಗಡುಸು ಸೂಜಿ ನೆಟ್ಟರೆ ಸೂಜಿ ಅಲ್ಲೇ ನಿಲ್ಲುತ್ತದೆ, ಮಿದುಳು ಅದಕ್ಕೆ ಉಜ್ಜಿಕೊಳ್ಳುತ್ತಲೇ ಇರುತ್ತದೆ. ದಿನ ಕಳೆದಂತೆ ಸುತ್ತಲಿನ ಜೀವಕೋಶಗಳು ಸೂಜಿಗೆ ಗೋಡೆ ಕಟ್ಟುತ್ತವೆ. ಗಾಯದ ಕಲೆಯ ಹಾಗೆ. ಆ ಗೋಡೆಯ ಆಚೆಗಿರುವ ನರಕೋಶಗಳ ಸದ್ದು ಕ್ರಮೇಣ ಕ್ಷೀಣಿಸುತ್ತದೆ.

ಗಡುಸು ಎಲೆಕ್ಟ್ರೋಡುಗಳನ್ನು ನಾನು ಹೀಗಳೆಯುತ್ತಿಲ್ಲ. ಯೂಟಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸಿಲಿಕಾನ್ ಸೂಜಿಗಳ ಹಾಸು, 4 ಮಿಲಿಮೀಟರ್ ಚೌಕದಲ್ಲಿ 100 ಸೂಜಿ, ಎಷ್ಟೋ ಜನರಿಗೆ ಹೊಸ ದಾರಿ ತೋರಿಸಿದೆ. ಕೈಕಾಲು ಆಡಿಸಲಾಗದ ವ್ಯಕ್ತಿಯೊಬ್ಬರು ಬರೀ ಯೋಚಿಸಿ ತೆರೆಯ ಮೇಲೆ ಕರ್ಸರ್ ಸರಿಸಿದ್ದು ಅದರಿಂದಲೇ. ಬ್ರೈನ್‌ಗೇಟ್ ತಂಡದ ಆ ಕೆಲಸ 2006ರಲ್ಲಿ ಪ್ರಕಟವಾಯಿತು. ಆದರೂ ವರ್ಷಗಟ್ಟಲೆ ಒಳಗಿರಬೇಕಾದ ವಸ್ತು ಮಿದುಳಿನ ಜೊತೆ ಹೊಂದಿಕೊಂಡು ಬಾಳಬೇಕು ಅಲ್ವಾ?

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. 'ಮೆತ್ತಗೆ' ಅನ್ನುವುದರಲ್ಲಿ ಎರಡು ಬಗೆ ಇದೆ. ವಸ್ತುವೇ ಮೆತ್ತಗಿರುವುದು ಒಂದು. ವಸ್ತು ಗಟ್ಟಿಯಾದರೂ ತುಂಬ ತೆಳುವಾದ್ದರಿಂದ ಬಳುಕುವುದು ಇನ್ನೊಂದು. ನಿಮ್ಮ ಕೈಯಲ್ಲಿರುವ ತುಂಡು ಎರಡನೆಯ ಬಗೆಯದು. ಅದರ ಮೈ ಪ್ಯಾರಿಲೀನ್ ಅನ್ನುವ ಪ್ಲಾಸ್ಟಿಕ್. ವಸ್ತುವಾಗಿ ಅದು ಮಿದುಳಿಗಿಂತ ಲಕ್ಷಾಂತರ ಪಟ್ಟು ಗಡುಸು. ಆದರೆ ಹಾಳೆಯ ದಪ್ಪ ಅರ್ಧವಾದರೆ ಅದನ್ನು ಬಾಗಿಸುವುದು ಎಂಟು ಪಟ್ಟು ಸುಲಭವಾಗುತ್ತದೆ. ಮತ್ತೆ ಅರ್ಧ ಮಾಡಿದರೆ 64 ಪಟ್ಟು. ಕೂದಲಿಗಿಂತ ತೆಳುವಾದ ಮೇಲೆ ಅದು ಒದ್ದೆ ಮಿದುಳಿನ ಮೇಲೆ ತಾನಾಗಿಯೇ ಅಂಟಿ ಕೂರುತ್ತದೆ.

ಬಾಗಿದರೆ ಸಾಕೇ, ಹಿಗ್ಗಬೇಕಲ್ಲವೇ? ಅದು ಜಾಗವನ್ನು ನೋಡಿ ಹೇಳುವ ಮಾತು. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಸ್ಟೆಫನಿ ಲಾಕೂರ್ ಮತ್ತು ಗ್ರೆಗ್ವಾರ್ ಕೂರ್ಟಿನ್ ತಂಡಗಳು 2015ರಲ್ಲಿ 'ಇ-ಡ್ಯೂರಾ' ಅನ್ನುವ ಸಿಲಿಕೋನ್ ಹಾಳೆಯನ್ನು ತೋರಿಸಿದವು. ಇಲಿಗಳ ಬೆನ್ನುಹುರಿಯ ಮೇಲೆ ಅದನ್ನು ಕೂರಿಸಿದರು. ಹೋಲಿಕೆಗೆ ಬೇರೆ ಇಲಿಗಳಲ್ಲಿ 25 ಮೈಕ್ರೋಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನು ಇಟ್ಟರು. ಆ ತೆಳು ಪ್ಲಾಸ್ಟಿಕ್ ಇದ್ದ ಇಲಿಗಳ ನಡಿಗೆ ಕೆಲವು ವಾರಗಳಲ್ಲಿ ಕೆಟ್ಟಿತು, ಬೆನ್ನುಹುರಿ ಅಮುಕಿಕೊಂಡಿತ್ತು. ಸಿಲಿಕೋನ್ ಇದ್ದ ಇಲಿಗಳಿಗೆ ಹಾಗಾಗಲಿಲ್ಲ. ಬೆನ್ನುಹುರಿ ಮೈ ಬಾಗಿಸಿದಾಗಲೆಲ್ಲ ಹಿಗ್ಗುತ್ತದೆ, ಅಲ್ಲಿ ಬರೀ ತೆಳುತನ ಸಾಲದು. ಮಿದುಳಿನ ಮೇಲ್ಮೈಗೆ ಅಷ್ಟು ಹಿಗ್ಗುವ ಕೆಲಸವಿಲ್ಲ. ತೆಳುವಾಗಿದ್ದರೆ ಬಹುಮಟ್ಟಿಗೆ ನಡೆಯುತ್ತದೆ.

ಇನ್ನು ಪಾರದರ್ಶಕ ಯಾಕೆ?

ಎಲೆಕ್ಟ್ರೋಡ್ ಒಂದು ಕಿವಿ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಆಗುವುದನ್ನೂ ಅದು ಹಿಡಿಯುತ್ತದೆ. ಆದರೆ ಕೋಣೆಯಾಚೆ ನಿಂತು ಗುಂಪಿನ ಮಾತು ಕೇಳಿದ ಹಾಗೆ, ಯಾರು ಮಾತಾಡಿದರು ಅಂತ ಖಚಿತವಾಗಿ ಹೇಳುವುದು ಕಷ್ಟ. ಮೈಕ್ರೋಸ್ಕೋಪ್ ಒಂದು ಕಣ್ಣು. ನರಕೋಶ ಕೆಲಸ ಮಾಡಿದಾಗ ಅದರೊಳಗೆ ಕ್ಯಾಲ್ಸಿಯಂ ಏರುತ್ತದೆ. ಕ್ಯಾಲ್ಸಿಯಂ ಏರಿದಾಗ ಹೊಳೆಯುವ ಪ್ರೋಟೀನೊಂದನ್ನು ಜಪಾನಿನ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದರು. ಅದರ ಹೆಸರು ಜಿ-ಕ್ಯಾಂಪ್. ಅದನ್ನು ಕೋಶಗಳೊಳಗೆ ಸೇರಿಸಿದರೆ ಯಾವ ಕೋಶ ಎಚ್ಚರವಾಯಿತು ಅಂತ ಕಣ್ಣಾರೆ ಕಾಣುತ್ತದೆ. ಆದರೆ ಆ ಹೊಳಪು ನಿಧಾನ. ಬೇಗ ಬೇಗ ಬಂದ ಹತ್ತು ಮಿಡಿತಗಳು ಒಂದೇ ಬೆಳಕಿನ ಉಬ್ಬಾಗಿ ಬೆರೆತುಹೋಗುತ್ತವೆ.

ಹಾಗಾಗಿ ಕಿವಿಯೂ ಬೇಕು, ಕಣ್ಣೂ ಬೇಕು, ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ. ತೊಂದರೆ ಏನೆಂದರೆ ಕಿವಿ ಕಣ್ಣಿಗೆ ಅಡ್ಡ ನಿಲ್ಲುತ್ತದೆ. ಪ್ಲಾಟಿನಂ ಅಥವಾ ಬಂಗಾರದ ಎಲೆಕ್ಟ್ರೋಡಿನ ಅಡಿಯಲ್ಲಿ ಏನಿದೆಯೋ ಅದೇ ನಮಗೆ ಬೇಕಾದ್ದು, ಅದೇ ಕಾಣುವುದಿಲ್ಲ. ಇನ್ನೊಂದು ತೊಡಕೂ ಇದೆ. ಲೋಹಕ್ಕೆ ಲೇಸರ್ ಬಿದ್ದರೆ ಅದು ತಾನೇ ಒಂದು ಸಣ್ಣ ವಿದ್ಯುತ್ ಮಿಡಿತ ಹುಟ್ಟಿಸುತ್ತದೆ. ದ್ರವದಲ್ಲಿ ಅದ್ದಿದ ಎಲೆಕ್ಟ್ರೋಡಿಗೆ ಬೆಳಕು ಬಿದ್ದಾಗ ವಿದ್ಯುತ್ ಹುಟ್ಟುವುದನ್ನು ಫ್ರಾನ್ಸಿನ ವಿಜ್ಞಾನಿ ಬೆಕೆರೆಲ್ 1839ರಲ್ಲೇ ಕಂಡಿದ್ದರು. ಅದು ಥೇಟ್ ನರಕೋಶದ ಮಿಡಿತದ ಹಾಗೆ ಕಂಡು ಎಷ್ಟೋ ಜನರನ್ನು ದಾರಿ ತಪ್ಪಿಸಿದೆ.

ಮೊಬೈಲ್ ತೆರೆಗಳಲ್ಲಿ ಬಳಸುವ ಇಂಡಿಯಂ ಟಿನ್ ಆಕ್ಸೈಡ್ ಪಾರದರ್ಶಕವೇನೋ ಹೌದು, ಆದರೆ ಬಾಗಿಸಿದರೆ ಬಿರುಕು ಬಿಡುತ್ತದೆ. ಗ್ರಾಫೀನ್ ಬಂದ ಮೇಲೆ ದಾರಿ ತೆರೆಯಿತು. ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ ಅದು. ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅದನ್ನು ಬೇರ್ಪಡಿಸಿ 2004ರಲ್ಲಿ ಪ್ರಕಟಿಸಿದರು, 2010ರಲ್ಲಿ ನೊಬೆಲ್ ಬಂತು. ಒಂದು ಪದರ ಗ್ರಾಫೀನ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಬರೀ 2.3 ಶೇಕಡಾ ಹೀರಿಕೊಳ್ಳುತ್ತದೆ. ನಾಲ್ಕು ಪದರ ಪೇರಿಸಿದರೂ 90 ಶೇಕಡಾ ಬೆಳಕು ಆಚೆಗೆ ದಾಟುತ್ತದೆ.

2014ರಲ್ಲಿ ಎರಡು ತಂಡಗಳು, ವಿಸ್ಕಾನ್ಸಿನ್–ಮ್ಯಾಡಿಸನ್ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳದ್ದು, ಒಂದೇ ಪತ್ರಿಕೆಯಲ್ಲಿ ಗ್ರಾಫೀನಿನ ಪಾರದರ್ಶಕ ಎಲೆಕ್ಟ್ರೋಡುಗಳನ್ನು ತೋರಿಸಿದವು. ಪೆನ್ಸಿಲ್ವೇನಿಯಾದವರು ಮಿದುಳಿನ ತುಣುಕಿನ ಮೇಲೆ ಎರಡನ್ನೂ ಒಟ್ಟಿಗೆ ಅಳೆದಾಗ, ಕ್ಯಾಲ್ಸಿಯಂ ಬೆಳಕಿನಲ್ಲಿ ಬಿಡಿಸಿ ನೋಡಲು ಕಷ್ಟವಾದ ವೇಗದ ಮಿಡಿತಗಳು ಎಲೆಕ್ಟ್ರೋಡಿನಲ್ಲಿ ಸ್ಪಷ್ಟವಾಗಿ ಸಿಕ್ಕವು. ಹತ್ತು ವರ್ಷದ ನಂತರ, 2024ರ ಜನವರಿಯಲ್ಲಿ, ಸ್ಯಾನ್ ಡಿಯಾಗೋದ ದುಯ್ಗು ಕುಝುಮ್ ಅವರ ತಂಡ ಇನ್ನೊಂದು ಹೆಜ್ಜೆ ಇಟ್ಟಿತು. ಮೇಲ್ಮೈಯಲ್ಲಿ ಕೂತ ಎಲೆಕ್ಟ್ರೋಡುಗಳ ಸಿಗ್ನಲ್ ನೋಡಿಯೇ ಆಳದ ಕೋಶಗಳು ಏನು ಮಾಡುತ್ತಿವೆ ಅಂತ ಅಂದಾಜು ಮಾಡುವುದನ್ನು ಕಂಪ್ಯೂಟರಿಗೆ ಕಲಿಸಿದರು. ಕಲಿಸಲು ಕಣ್ಣು ಮತ್ತು ಕಿವಿ ಎರಡರ ಅಳತೆಯೂ ಬೇಕಿತ್ತು. ಎಲೆಕ್ಟ್ರೋಡ್ ಪಾರದರ್ಶಕವಾಗಿತ್ತು, ಹಾಗಾಗಿ ಆಯಿತು.

ಇಷ್ಟೊಳ್ಳೆ ವಸ್ತು ಎಲ್ಲ ಲ್ಯಾಬುಗಳಲ್ಲೂ ಇರಬೇಕಲ್ಲ, ಯಾಕಿಲ್ಲ? ನನ್ನ ಮುಖ್ಯ ಮಾತು ಇಲ್ಲಿಂದ ಶುರು.

ಸಂಶೋಧನಾ ಪ್ರಬಂಧಗಳ ವಿಧಾನ ಭಾಗದಲ್ಲಿ ಒಂದು ಸಾಲಿರುತ್ತದೆ: "ಗ್ರಾಫೀನನ್ನು ತಾಮ್ರದ ಹಾಳೆಯಿಂದ ವೇಫರಿಗೆ ವರ್ಗಾಯಿಸಲಾಯಿತು." ಅಷ್ಟೇ. ವೇಫರ್ ಅಂದರೆ ಚಿಪ್ ಮಾಡಲು ಬಳಸುವ ತೆಳು ದುಂಡು ಬಿಲ್ಲೆ. ಆ ಒಂದು ಸಾಲಿನ ಹಿಂದೆ ಏನಿದೆ ಅಂತ ಹೇಳುತ್ತೇನೆ. ತಾಮ್ರದ ಹಾಳೆಯನ್ನು ಕುಲುಮೆಯಲ್ಲಿಟ್ಟು ಸುಮಾರು 1,000 ಡಿಗ್ರಿಗೆ ಕಾಯಿಸಿ ಮೀಥೇನ್ ಹಾಯಿಸುತ್ತೇವೆ. ತಾಮ್ರದ ಮೇಲೆ ಇಂಗಾಲ ಒಂದು ಪದರವಾಗಿ ಕೂರುತ್ತದೆ. ಅದರ ಮೇಲೆ ಆಸರೆಗೆ ಪ್ಲಾಸ್ಟಿಕ್ಕಿನ ತೆಳು ಲೇಪ. ನಂತರ ಹಾಳೆಯನ್ನು ಫೆರಿಕ್ ಕ್ಲೋರೈಡ್ ದ್ರಾವಣದ ಮೇಲೆ ತೇಲಿಬಿಟ್ಟರೆ ಅಡಿಯ ತಾಮ್ರ ನಿಧಾನವಾಗಿ ಕರಗುತ್ತದೆ. ಕೊನೆಗೆ ದ್ರಾವಣದ ಮೇಲೆ ಉಳಿಯುವುದು ಕಣ್ಣಿಗೆ ಬಿದ್ದೂ ಬೀಳದಂಥ ಒಂದು ಪೊರೆ. ಅದನ್ನು ಶುದ್ಧ ನೀರಿಗೆ, ಮತ್ತೊಂದು ಶುದ್ಧ ನೀರಿಗೆ, ಇನ್ನೊಂದಕ್ಕೆ ಸಾಗಿಸಬೇಕು. ಆಮೇಲೆ ವೇಫರನ್ನು ನೀರಿನೊಳಗೆ ಮುಳುಗಿಸಿ, ಪೊರೆಯ ಅಡಿಯಿಂದ ಓರೆಯಾಗಿ ಮೇಲೆತ್ತಬೇಕು. ಎಷ್ಟು ಓರೆ? ಎಷ್ಟು ನಿಧಾನ? ಅದು ಕೈಗೆ ಮಾತ್ರ ಗೊತ್ತು. ಉಸಿರು ಜೋರಾಗಿ ಬಿಟ್ಟರೂ ಪೊರೆ ಸರಿಯುತ್ತದೆ. ಒಂದು ನೀರಿನ ಹನಿ ಅಡಿಯಲ್ಲಿ ಸಿಕ್ಕಿಕೊಂಡರೆ ಅಲ್ಲಿ ಸುಕ್ಕು, ಸುಕ್ಕಿದ್ದಲ್ಲಿ ಮುಂದೆ ಬಿರುಕು. ನಾಲ್ಕು ಪದರ ಬೇಕೆಂದರೆ ಇದನ್ನೇ ನಾಲ್ಕು ಸಲ ಮಾಡಬೇಕು. ಅದಾದ ಮೇಲೆ ಬೇಡದ ಕಡೆಯ ಗ್ರಾಫೀನ್ ಕೊರೆಯುವುದು, ಮೇಲೆ ಇನ್ನೊಂದು ಪ್ಯಾರಿಲೀನ್ ಪದರ, ಎಲೆಕ್ಟ್ರೋಡಿನ ಜಾಗದಲ್ಲಿ ಕಿಂಡಿ, ವೇಫರಿನಿಂದ ಬಿಡಿಸುವುದು, ಹೊರಗಿನ ತಂತಿಗೆ ಜೋಡಿಸುವ ಕನೆಕ್ಟರ್ ಕೂರಿಸುವುದು.

ವಿಸ್ಕಾನ್ಸಿನ್ ತಂಡ 2016ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ನೇಚರ್ ಪ್ರೋಟೋಕಾಲ್ಸ್ ಪತ್ರಿಕೆಯಲ್ಲಿ, ಮಾಡುವುದರಿಂದ ಹಿಡಿದು ಅಳವಡಿಸಿ ಬಳಸುವವರೆಗೆ, ಹಂತ ಹಂತವಾಗಿ ಎಲ್ಲವನ್ನೂ ಬರೆದು ಪ್ರಕಟಿಸಿತು. ಅನುಭವವಿರುವ ಸಂಶೋಧನಾ ವಿದ್ಯಾರ್ಥಿಗೆ ಇಡೀ ಕೆಲಸಕ್ಕೆ 3ರಿಂದ 4 ವಾರ ಸಾಕು ಅಂತ ಅದರಲ್ಲಿದೆ. ನಾನು ಆ ಬರಹವನ್ನು ತುಂಬ ಗೌರವಿಸುತ್ತೇನೆ. ತಮ್ಮ ಕೈಯಲ್ಲಿದ್ದ ಮೇಲುಗೈಯನ್ನು ತಾವಾಗಿಯೇ ಬಿಟ್ಟುಕೊಟ್ಟ ಬರಹ ಅದು. ಆದರೆ 'ಅನುಭವವಿರುವ' ಅನ್ನುವ ಪದವನ್ನು ಗಮನಿಸಿ. ಆ ಅನುಭವ ಎಲ್ಲಿಂದ ಬರಬೇಕು? ನರವಿಜ್ಞಾನದ ಲ್ಯಾಬಿನಲ್ಲಿ ಕುಲುಮೆ ಇರುವುದಿಲ್ಲ, ಧೂಳು ಸೇರದ ಹಾಗೆ ಕಾಯುವ ಕ್ಲೀನ್‌ರೂಮ್ ಇರುವುದಿಲ್ಲ. ಅವರಿಗೆ ಬೇಕಾದ್ದು ಮಾಡುವ ವಿಧಾನಕ್ಕಿಂತ ಮೊದಲು, ಮಾಡಿಟ್ಟ ವಸ್ತು.

ಹಾಗಾಗಿ ನಾವು ಮಾಡಿ ಕಳಿಸೋಣ ಅಂತ ತೀರ್ಮಾನಿಸಿದೆವು. ಮೊದಲ ಪಾರ್ಸೆಲಿನಲ್ಲಿ ಆರು ತುಂಡುಗಳಿದ್ದವು. ಒಂದೊಂದನ್ನೂ ಉಪ್ಪುನೀರಿನಲ್ಲಿಟ್ಟು ಅಳೆದು, ಎಲ್ಲ ಸರಿ ಇದೆ ಅಂತ ನೋಡಿ, ತೊಳೆದು ಒಣಗಿಸಿ, ಡಬ್ಬಿಗೆ ಹಾಕಿ ಕಳಿಸಿದ್ದೆವು. ಮೂರು ವಾರದ ಮೇಲೆ ಉತ್ತರ ಬಂತು. ಆರರಲ್ಲಿ ಒಂದೂ ಕೆಲಸ ಮಾಡಲಿಲ್ಲ.

ಆಗ ನನಗೆ ಮೊದಲು ಬಂದ ಯೋಚನೆ ಅವರಿಗೆ ಹಿಡಿಯಲು ಬರಲಿಲ್ಲ ಅಂತ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಾವು ಹತ್ತಾರು ಸಲ ಬಳಸಿದ್ದೇವೆ, ನಮ್ಮಲ್ಲಿ ನಡೆಯುತ್ತದೆ, ಅಂದಮೇಲೆ ತಪ್ಪು ಅಲ್ಲೇ ಇರಬೇಕು. ಹೀಗಿತ್ತು ನನ್ನ ತರ್ಕ.

ಆ ಲ್ಯಾಬಿನವರು ತಾಳ್ಮೆಯವರು. ಹಾಳಾದ ಆರನ್ನೂ ವಾಪಸ್ ಕಳಿಸಿದರು. ವಿಡಿಯೋ ಕರೆ ಮಾಡಿ, ತಾವು ಹೇಗೆ ಮಾಡಿದೆವು ಅಂತ ಮೊದಲಿನಿಂದ ತೋರಿಸಲು ಒಪ್ಪಿದರು. ಕರೆಯಲ್ಲಿ ನನ್ನ ಪಕ್ಕ ನಮ್ಮ ವಿದ್ಯಾರ್ಥಿನಿ ಕೂತಿದ್ದಳು. ಆ ಕಡೆಯವರು ಒಣ ಚಿಮಟದಿಂದ ಒಣ ತುಂಡನ್ನು ಎತ್ತಿದರು. ಅದು ಸುರುಳಿ ಸುತ್ತಿ ತನಗೆ ತಾನೇ ಅಂಟಿಕೊಂಡಿತು. "ಅಯ್ಯೋ, ಮೊದಲು ಒಂದು ಹನಿ ಹಾಕಬೇಕಲ್ಲ" ಅಂದಳು ಇವಳು. ನಾನು ತಿರುಗಿ ಕೇಳಿದೆ, ಯಾವ ಹನಿ? ಅವಳು ಪ್ರತಿ ಸಲವೂ ತುಂಡಿನ ಮೇಲೆ ಒಂದು ಹನಿ ಉಪ್ಪುನೀರು ಹಾಕಿ, ಅದು ನೆಂದು ಮೆತ್ತಗೆ ಹರಡಿಕೊಂಡ ಮೇಲೆ ಹನಿಯ ಸಮೇತ ಜಾರಿಸಿ ಎತ್ತುತ್ತಿದ್ದಳಂತೆ. ಅವಳಿಗಿಂತ ಮೊದಲಿದ್ದವನು ಹಾಗೆ ಮಾಡುವುದನ್ನು ನೋಡಿ ಕಲಿತದ್ದು. ನಮ್ಮ ಬರಹದಲ್ಲಿ ಅದು ಎಲ್ಲೂ ಇರಲಿಲ್ಲ. ನಾವು ಅದನ್ನು ಮುಚ್ಚಿಟ್ಟಿರಲಿಲ್ಲ. ಅದೊಂದು ಹಂತ ಅಂತಲೇ ನಮಗೆ ಗೊತ್ತಿರಲಿಲ್ಲ.

ಇನ್ನೂ ಎರಡು ಸಂಗತಿ ಹೊರಬಂದವು. ಅವರು ತಮ್ಮ ಸ್ಟೀಲ್ ಸಲಕರಣೆಗಳ ಜೊತೆ ಒಂದೆರಡು ತುಂಡನ್ನೂ, ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಹಾಕಿದ್ದರು. 121 ಡಿಗ್ರಿಯ ಹಬೆ. ಪ್ಯಾರಿಲೀನ್ ಆ ಶಾಖಕ್ಕೆ ಕರಗುವುದಿಲ್ಲ, ಆದರೆ ಪದರಗಳ ನಡುವೆ ಹಬೆ ನುಗ್ಗಿ ಅಂಟು ಬಿಟ್ಟಿತ್ತು. ನಮ್ಮಲ್ಲಿ ಎಥಿಲೀನ್ ಆಕ್ಸೈಡ್ ಅನಿಲದಿಂದ ಶುದ್ಧಿ ಮಾಡುತ್ತಿದ್ದೆವು. ಅದನ್ನೇ ಯಾಕೆ ಅಂತ ನಾವು ಯೋಚಿಸಿಯೇ ಇರಲಿಲ್ಲ. ಆ ಯಂತ್ರ ನಮ್ಮ ಪಕ್ಕದ ಕೋಣೆಯಲ್ಲಿತ್ತು, ಅಷ್ಟೇ ಕಾರಣ. ಮೂರನೆಯದು ನಿಜಕ್ಕೂ ನಮ್ಮದೇ ದೋಷ. ತೆಳು ಹಾಳೆ ಗಟ್ಟಿ ಕನೆಕ್ಟರಿಗೆ ಸೇರುವ ಗೆರೆಯಲ್ಲಿ ಬಂಗಾರ ಬಿರುಕು ಬಿಟ್ಟಿತ್ತು. ಮೆತ್ತಗಿನದೂ ಗಟ್ಟಿಯದೂ ಕೂಡುವ ಜಾಗದಲ್ಲೇ ಎಲ್ಲ ಎಳೆತವೂ ಬಂದು ಸೇರುತ್ತದೆ. ನಮ್ಮ ಲ್ಯಾಬಿನಲ್ಲಿ ಕನೆಕ್ಟರನ್ನು ಹಿಡಿಯುವ ಒಂದು ಪುಟ್ಟ ಸ್ಟ್ಯಾಂಡ್ ಇತ್ತು, ಹಾಗಾಗಿ ಗೆರೆ ಮಡಚುತ್ತಿರಲಿಲ್ಲ. ಸ್ಟ್ಯಾಂಡ್ ಇಲ್ಲದ ಕಡೆ ಮೊದಲ ದಿನವೇ ಮುರಿಯಿತು. ಆ ಜಾಗಕ್ಕೆ ಸಿಲಿಕೋನಿನ ಒಂದು ದಿಂಬು ಹಾಕಿ, ಬಿಗಿತ ಒಮ್ಮೆಲೇ ಬದಲಾಗದೆ ನಿಧಾನಕ್ಕೆ ಇಳಿಯುವ ಹಾಗೆ ಮಾಡಿದೆವು. ನಂತರ ನಮ್ಮಲ್ಲಿಯೇ ತುಂಡುಗಳು ಮೊದಲಿಗಿಂತ ಜಾಸ್ತಿ ದಿನ ಬಾಳತೊಡಗಿದವು.

ಅಂದಿನಿಂದ ನನಗೊಂದು ನಂಬಿಕೆ ಬಲವಾಗಿದೆ. ಮಾಡಿದವರ ಕೈಯಲ್ಲಿ ಮಾತ್ರ ಕೆಲಸ ಮಾಡುವ ವಸ್ತು ಇನ್ನೂ ಸಲಕರಣೆಯಾಗಿಲ್ಲ. ಬೇರೆಯವರ ಕೈಯಲ್ಲಿ ಅದು ಮುರಿದು ವಾಪಸ್ ಬಂದ ಮೇಲೆಯೇ ಅದರೊಳಗೆ ಏನಿತ್ತು, ನಮ್ಮ ಕೈಯೊಳಗೆ ಏನಿತ್ತು ಅನ್ನುವುದು ಬೇರೆ ಬೇರೆಯಾಗಿ ಕಾಣುವುದು.

ಹಂಚಿಕೊಳ್ಳುವುದು ಈ ಕ್ಷೇತ್ರಕ್ಕೆ ಹೊಸದೇನಲ್ಲ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕೆನ್ಸಾಲ್ ವೈಸ್ ಅವರ ಕಾಲದಿಂದ ಸಿಲಿಕಾನ್ ಎಲೆಕ್ಟ್ರೋಡುಗಳನ್ನು ಮಾಡುತ್ತಿದ್ದರು. 1990ರ ದಶಕದಲ್ಲಿ ಅಲ್ಲಿ ಸರ್ಕಾರಿ ಅನುದಾನದಿಂದ ಒಂದು ಕೇಂದ್ರ ನಡೆಯಿತು. ಬೇರೆ ಲ್ಯಾಬುಗಳಿಗೆ ಎಲೆಕ್ಟ್ರೋಡ್ ಮಾಡಿಕೊಡುವುದೇ ಅದರ ಕೆಲಸ. ಆ ಅನುಭವದ ಮೇಲೆ ಮುಂದೆ 2004ರಲ್ಲಿ ನ್ಯೂರೋನೆಕ್ಸಸ್ ಕಂಪನಿ ಹುಟ್ಟಿತು. ನ್ಯೂರೋಪಿಕ್ಸೆಲ್ಸ್ ಕಥೆಯೂ ಹೀಗೇ ದೊಡ್ಡದು. 2017ರಲ್ಲಿ ಪ್ರಕಟವಾದ ಆ ಸಿಲಿಕಾನ್ ಕಡ್ಡಿಯಲ್ಲಿ 960 ಎಲೆಕ್ಟ್ರೋಡುಗಳಿವೆ, ಅವುಗಳಲ್ಲಿ 384ನ್ನು ಒಟ್ಟಿಗೆ ಓದಬಹುದು. ಹಲವು ಸಂಸ್ಥೆಗಳು ಕೈಜೋಡಿಸಿ, ಬೆಲ್ಜಿಯಂನ ಐಮೆಕ್‌ನ ಚಿಪ್ ಕಾರ್ಖಾನೆಯಲ್ಲಿ ಮಾಡಿಸಿ, ಲ್ಯಾಬುಗಳಿಗೆ ಸಿಗುವಂತೆ ಮಾಡಿದವು. ನನಗೆ ಅದರಲ್ಲಿ ಹೆಚ್ಚು ಇಷ್ಟವಾದದ್ದು ಚಿಪ್ ಅಲ್ಲ, ಅದರ ಜೊತೆ ನಡೆಸುವ ತರಬೇತಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅದನ್ನು ಬಳಸುವುದು ಹೇಗೆ ಅಂತ ಕೋರ್ಸ್ ಮಾಡಿ ಹೇಳಿಕೊಡುತ್ತಾರೆ. ಓಪನ್ ಎಫಿಸ್ ಗುಂಪು ಸಿಗ್ನಲ್ ದಾಖಲಿಸುವ ಯಂತ್ರದ ವಿನ್ಯಾಸವನ್ನೇ ಎಲ್ಲರಿಗೂ ತೆರೆದಿಟ್ಟಿದೆ. ಯು.ಸಿ.ಎಲ್.ಎ.ಯ ಮಿನಿಸ್ಕೋಪ್ ತಂಡ ಇಲಿಯ ತಲೆಯ ಮೇಲೆ ಕೂರುವ ಪುಟ್ಟ ಮೈಕ್ರೋಸ್ಕೋಪಿನ ನಕ್ಷೆಗಳನ್ನು ಹಾಗೇ ಕೊಟ್ಟಿದೆ.

ಮತ್ತೆ ಜಿ-ಕ್ಯಾಂಪ್ ಕಡೆ ಬನ್ನಿ. ಅದು ಇಷ್ಟು ಬೇಗ ಜಗತ್ತಿನ ತುಂಬ ಹರಡಿದ್ದು ಹೇಗೆ? ಅದು ಡಿ.ಎನ್.ಎ. ಒಂದು ಹನಿ ಸಿಕ್ಕರೆ ಬ್ಯಾಕ್ಟೀರಿಯಾದಲ್ಲಿ ಹಾಕಿ ಎಷ್ಟು ಬೇಕೋ ಅಷ್ಟು ಬೆಳೆಸಿಕೊಳ್ಳಬಹುದು. ಆಡ್‌ಜೀನ್ ಅನ್ನುವ ಲಾಭರಹಿತ ಸಂಸ್ಥೆ 2004ರಿಂದ ಇಂಥ ಡಿ.ಎನ್.ಎ.ಗಳನ್ನು ಇಟ್ಟುಕೊಂಡು ಕೇಳಿದವರಿಗೆಲ್ಲ ಕಳಿಸುತ್ತಿದೆ. ಎಲೆಕ್ಟ್ರೋಡ್ ಹಾಗಲ್ಲ. ಅದು ಮರಿ ಹಾಕುವುದಿಲ್ಲ. ಏಳನೆಯ ಲ್ಯಾಬಿಗೆ ಬೇಕೆಂದರೆ ಯಾರೋ ಮತ್ತೆ ನೀರಿನ ಮುಂದೆ ಉಸಿರು ಬಿಗಿಹಿಡಿದು ಕೂರಬೇಕು.

ಆ ಯಾರೋ ಯಾರು? ಬಹಳಷ್ಟು ಸಲ ಒಬ್ಬ ಸಂಶೋಧನಾ ವಿದ್ಯಾರ್ಥಿ. ಅವರ ಪದವಿಗೆ ಬೇಕಾದ್ದು ಸ್ವಂತ ಪ್ರಯೋಗ, ಸ್ವಂತ ಪ್ರಬಂಧ. ಬೇರೆಯವರಿಗಾಗಿ ಮಾಡಿದ ನಲವತ್ತು ತುಂಡು ಅವರ ಹೆಸರಿನ ಮುಂದೆ ಎಲ್ಲೂ ಬರುವುದಿಲ್ಲ. ನನಗೆ ಇದು ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅನ್ಯಾಯದ ಭಾಗ ಅನ್ನಿಸುತ್ತದೆ. ಅಮೆರಿಕದ ಬ್ರೈನ್ ಇನಿಶಿಯೇಟಿವ್ ಅನ್ನುವ ಮಿದುಳು ಸಂಶೋಧನೆಯ ಸರ್ಕಾರಿ ಯೋಜನೆಯಲ್ಲಿ ತಂತ್ರಜ್ಞಾನವನ್ನು ಬೇರೆ ಲ್ಯಾಬುಗಳಿಗೆ ಮುಟ್ಟಿಸುವ ಕೆಲಸಕ್ಕೇ ಅಂತ ಅನುದಾನ ಇಟ್ಟರು. ಅದು ಸರಿಯಾದ ದಾರಿ. ಅಂಥ ಹಣದಿಂದ ಮಾಡುವ ಮೊದಲ ಕೆಲಸ, ತುಂಡು ಮಾಡುವುದಕ್ಕೆ ಪೂರ್ಣಾವಧಿಯ ಒಬ್ಬ ತಂತ್ರಜ್ಞರನ್ನು ನೇಮಿಸುವುದಾಗಿರಬೇಕು. ಹೊಸ ಯಂತ್ರ ಆಮೇಲೆ ಬರಲಿ. ಪಳಗಿದ ಕೈ ಎರಡು ವರ್ಷಕ್ಕೊಮ್ಮೆ ಪದವಿ ಮುಗಿಸಿ ಹೊರಟುಹೋದರೆ ಪ್ರತಿ ಸಲವೂ ನೀರಿನ ಹನಿಯನ್ನು ಹೊಸದಾಗಿ ಕಂಡುಹಿಡಿಯಬೇಕಾಗುತ್ತದೆ.

ಕಾಗದಪತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೈವಿಕ ವಸ್ತುಗಳಿಗೆ 1995ರಲ್ಲೇ ಎಲ್ಲರೂ ಒಪ್ಪುವಂಥ ಒಂದೇ ಮಾದರಿಯ ವರ್ಗಾವಣೆ ಒಪ್ಪಂದ ಬಂತು. ಎಲೆಕ್ಟ್ರೋಡಿಗೂ ಅಷ್ಟೇ ಸರಳವಾದದ್ದೊಂದು ಬೇಕು. ನಾವು ಮಾಡಿದ ಒಂದು ತುಂಡು ವಕೀಲರ ಮೇಜಿನ ಮೇಲೆ ಐದು ತಿಂಗಳು ಕೂತಿತ್ತು. ಅಷ್ಟರಲ್ಲಿ ಅದನ್ನು ಕೇಳಿದ್ದ ವಿದ್ಯಾರ್ಥಿಯ ಅವಧಿಯೇ ಮುಗಿದಿತ್ತು.

ಈಗ ನಾವು ಕಳಿಸುವ ಡಬ್ಬಿ ಮೊದಲಿನಂತಿಲ್ಲ. ಒಳ್ಳೆಯ ತುಂಡುಗಳ ಜೊತೆ ಎರಡು ಕೆಟ್ಟ ತುಂಡುಗಳನ್ನೂ ಬೇಕೆಂದೇ ಇಡುತ್ತೇವೆ, ಅಭ್ಯಾಸಕ್ಕೆ. ಎತ್ತುವುದು, ಹಾಸುವುದು, ತೊಳೆಯುವುದು ಎಲ್ಲ ಅವುಗಳ ಮೇಲೆ ಕಲಿತ ಮೇಲೆ ಒಳ್ಳೆಯದನ್ನು ಮುಟ್ಟಿ ಅಂತ ಬರೆದಿರುತ್ತೇವೆ. ಕನೆಕ್ಟರಿನ ಸ್ಟ್ಯಾಂಡ್ ಹೋಗುತ್ತದೆ. ಪ್ರತಿ ಎಲೆಕ್ಟ್ರೋಡಿನ ಇಂಪೀಡೆನ್ಸ್, ಅಂದರೆ ಉಪ್ಪುನೀರಿನಲ್ಲಿ 1 ಕಿಲೋಹರ್ಟ್ಸ್ ಸಿಗ್ನಲಿಗೆ ಅದು ಒಡ್ಡುವ ತಡೆ ಎಷ್ಟು ಅನ್ನುವ ಪಟ್ಟಿ ಹೋಗುತ್ತದೆ. ಅವರು ತೆರೆದ ದಿನವೇ ಅದೇ ಅಳತೆ ಮಾಡಿ ಹೋಲಿಸಿದರೆ ದಾರಿಯಲ್ಲಿ ಕೆಟ್ಟಿತೋ ಬಳಸುವಾಗ ಕೆಟ್ಟಿತೋ ತಿಳಿಯುತ್ತದೆ. ಕೈಗಳನ್ನು ಹತ್ತಿರದಿಂದ ತೋರಿಸುವ ವಿಡಿಯೋ ಇದೆ. ಅದರಲ್ಲಿ ಎರಡು ತಪ್ಪುಗಳನ್ನೂ ಮಾಡಿ ತೋರಿಸಿದ್ದೇವೆ, ತಪ್ಪಾದಾಗ ಹೇಗೆ ಕಾಣುತ್ತದೆ ಅಂತ ಗೊತ್ತಾಗಲಿ ಅಂತ. ವಾಪಸ್ ಕಳಿಸಲು ವಿಳಾಸ ಬರೆದ ಒಂದು ಖಾಲಿ ಡಬ್ಬಿಯೂ ಇರುತ್ತದೆ. ನಾವು ಪ್ರತಿಯಾಗಿ ಕೇಳುವುದು ಅದೊಂದೇ: ಹಾಳಾದದ್ದನ್ನು ಎಸೆಯಬೇಡಿ, ನಮಗೆ ಕಳಿಸಿ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: "ನಿಮ್ಮ ತುಂಡು ಬಳಸಿ ಬೇರೆಯವರು ನಿಮಗಿಂತ ಮೊದಲೇ ದೊಡ್ಡದೇನಾದರೂ ಕಂಡುಹಿಡಿದರೆ ಬೇಜಾರಾಗೋದಿಲ್ವಾ?"

ಒಮ್ಮೆ ಹಾಗೆ ಆಗಿದೆ, ಬೇಜಾರೂ ಆಗಿದೆ. ನಾವು ಯೋಚಿಸುತ್ತಿದ್ದ ಪ್ರಯೋಗವನ್ನು ಅವರು ಮಾಡಿದರು, ನಮಗಿಂತ ಚೆನ್ನಾಗಿ ಮಾಡಿದರು. ಅವರು ಇಪ್ಪತ್ತು ವರ್ಷದಿಂದ ಇಲಿಯ ಮೀಸೆಯ ಸ್ಪರ್ಶಜ್ಞಾನ ಓದುತ್ತಿದ್ದವರು. ನಮಗೆ ಗೊತ್ತಿರುವುದು ಗ್ರಾಫೀನ್. ಆ ಪ್ರಶ್ನೆಯನ್ನು ಸರಿಯಾಗಿ ಕೇಳಲು ನಮಗೆ ಬರುತ್ತಲೇ ಇರಲಿಲ್ಲ. ತುಂಡು ಕೊಟ್ಟಿದ್ದಕ್ಕೆ ಪ್ರಬಂಧದಲ್ಲಿ ಹೆಸರು ಹಾಕಿ ಅಂತ ನಾವು ಷರತ್ತು ಹಾಕುವುದಿಲ್ಲ. ಒಟ್ಟಿಗೆ ಕೂತು ಯೋಚಿಸಿದ್ದರೆ ಹೆಸರು ತಾನಾಗಿ ಬರುತ್ತದೆ. ಆದರೆ ತುಂಡು ಮಾಡಿದ ವ್ಯಕ್ತಿಯ ಹೆಸರನ್ನು ಕೃತಜ್ಞತೆಯ ಸಾಲಿನಲ್ಲಾದರೂ ಬರೆಯಿರಿ ಅಂತ ಕೇಳಿಕೊಳ್ಳುತ್ತೇವೆ. ಲ್ಯಾಬಿನ ಹೆಸರು ಬೇಡ, ಆ ವ್ಯಕ್ತಿಯ ಹೆಸರು.

ಇನ್ನೊಬ್ಬರ ಪ್ರಶ್ನೆ: "ಇದು ಮನುಷ್ಯರಿಗೆ ಯಾವಾಗ?"

ಮನುಷ್ಯರ ಮಿದುಳಿನ ಮೇಲ್ಮೈಯಲ್ಲಿ ಎಲೆಕ್ಟ್ರೋಡ್ ಇಡುವುದು ಹಳೆಯ ಪದ್ಧತಿಯೇ. ಮೂರ್ಛೆರೋಗದ ಶಸ್ತ್ರಚಿಕಿತ್ಸೆಗಾಗಿ ಮಾಂಟ್ರಿಯಲ್‌ನಲ್ಲಿ ಪೆನ್‌ಫೀಲ್ಡ್ ಮತ್ತು ಜಾಸ್ಪರ್ ಅದನ್ನು ಬೆಳೆಸಿದರು. ಮೆತ್ತಗಿನ ತೆಳು ಹಾಳೆಗಳನ್ನೂ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಸ್ವಲ್ಪ ಸಮಯ ಇಟ್ಟು ನೋಡಿದ್ದಾರೆ. ನ್ಯೂಯಾರ್ಕಿನ ಸಂಶೋಧಕರು 2015ರಲ್ಲಿ ತೋರಿಸಿದ ನ್ಯೂರೋಗ್ರಿಡ್ ಅಂಥದ್ದು, ಬರೀ 4 ಮೈಕ್ರೋಮೀಟರ್ ದಪ್ಪ. ಆದರೆ ವರ್ಷಗಟ್ಟಲೆ ಒಳಗಿಡಬೇಕಾದರೆ ಪದರಗಳು ವರ್ಷಗಟ್ಟಲೆ ಬಿಡಬಾರದು, ತೇವ ನುಗ್ಗಬಾರದು, ನೂರು ತುಂಡು ಮಾಡಿದರೆ ನೂರೂ ಒಂದೇ ಥರ ಇರಬೇಕು. ಒಂದೇ ಲ್ಯಾಬಿನ ಅಳತೆಯನ್ನು ನಂಬಿ ಯಾರೂ ಅದಕ್ಕೆ ಒಪ್ಪಿಗೆ ಕೊಡಬಾರದು, ನಮ್ಮದನ್ನು ನಂಬಿಯಂತೂ ಕೊಡಲೇಬಾರದು. ಹತ್ತು ಕಡೆ ಹತ್ತು ಬೇರೆ ಕೈಗಳಲ್ಲಿ ಅದು ಉಳಿಯಬೇಕು.

ಅಷ್ಟರಲ್ಲಿ ಡಬ್ಬಿ ಹಿಂದಿನ ಸಾಲಿನವರೆಗೂ ಹೋಗಿ ಮುಂದೆ ಬಂತು. ತಂದುಕೊಟ್ಟ ಹುಡುಗಿ ಕೇಳಿದಳು: "ಸರ್, ಇದು ಈಗಲೂ ಕೆಲಸ ಮಾಡುತ್ತಾ?"

ಇಲ್ಲಮ್ಮ. ಇದು ಮೊದಲ ಪಾರ್ಸೆಲಿನಿಂದ ವಾಪಸ್ ಬಂದ ಆರರಲ್ಲಿ ಒಂದು. ಎಡಗಡೆಯಿಂದ ಹನ್ನೊಂದನೆಯ ಗೆರೆ ನೋಡು, ಕನೆಕ್ಟರಿನಿಂದ ಎರಡು ಮಿಲಿಮೀಟರ್ ಈಚೆಗೆ. ಭೂತಗನ್ನಡಿ ಇಲ್ಲಿದೆ. ಬಿರುಕು ಕಾಣುತ್ತಿದೆಯಾ?